ಲಾರಿ ಸುಂಕಪ್ಪನ ಮುರಿದ ಅಚ್ಚು

ಬುಕ್ಕಸಾಗರದ ಸುಂಕಪ್ಪನಿಗೆ ಮೂವತ್ತು ದಾಟುವ ತನಕ ಗೊತ್ತಿದ್ದದ್ದು ಎತ್ತಿನ ಬಂಡಿ ಒಂದೇ. ಊರಿನ ಗದ್ದೆಗಳ ಭತ್ತವನ್ನು ಕಂಪ್ಲಿಯ ಅಕ್ಕಿ ಗಿರಣಿಗೆ ಮುಟ್ಟಿಸುವುದು, ಬರುವಾಗ ತೌಡೋ ಉಪ್ಪೋ ಸಿಕ್ಕರೆ ಹೇರಿಕೊಂಡು ಬರುವುದು, ಇದು ಅವನ ಕೆಲಸ. ಆ ದಾರಿಯಲ್ಲಿ ಬಂಡಿ ಹೊಡೆಯುವವರು ಇನ್ನೂ ಇಪ್ಪತ್ತು ಮೂವತ್ತು ಮಂದಿ ಇದ್ದರು. ಅವರ ಬಂಡಿಗಳು ಅರ್ಧ ಹರದಾರಿ ದೂರದಿಂದಲೇ ಕಿರುಗುಟ್ಟುತ್ತ ಬರುತ್ತಿದ್ದವು. ಸುಂಕಪ್ಪನ ಬಂಡಿ ಮಾತ್ರ ಹಿಂದೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ದಿನ ಬಿಟ್ಟು ದಿನ ಗಾಲಿ ಕಳಚಿ, ಹಳೆಯ ಕೀಲೆಣ್ಣೆ ಒರೆಸಿ, ಹೊಸದು ಸವರುತ್ತಿದ್ದ. ಬಂಡಿ ಹೊಳೆಯ ನೀರಿಗೆ ಇಳಿದ ದಿನವಂತೂ ಎತ್ತಿನ ಕೊರಳು ಬಿಚ್ಚಿ ನೇರ ಗಾಲಿಗೇ ಕೈ ಹಾಕುತ್ತಿದ್ದ. ಹೆಂಡತಿ ಎರ್ರಮ್ಮ ಊಟಕ್ಕೆ ಮೂರು ಸಲ ಕರೆದರೂ "ಅಚ್ಚಿಗೆ ನೀರು ಕುಡ್ಸಿ ಮಲಗಿದ್ರ ನಾಳೆ ಯಾರು ಹೊರ್ತಾರ?" ಎನ್ನುತ್ತಿದ್ದ.

ಗಿರಣಿಯ ಮಾಲೀಕ ತೋಟಪ್ಪನವರು ಇದನ್ನು ಗಮನಿಸಿದ್ದರು. ಅವರು ಮಾತು ಕಡಿಮೆ, ದನಿ ದೊಡ್ಡದು ಎನ್ನುವ ತರಹದ ಮನುಷ್ಯ. ಯುದ್ಧ ಶುರುವಾಗುವ ಹಿಂದಿನ ವರ್ಷ ಬಳ್ಳಾರಿಯ ಒಬ್ಬ ವ್ಯಾಪಾರಿಯಿಂದ ಒಂದು ಹಳೆಯ ಸಣ್ಣ ಲಾರಿ ಕೊಂಡು ತಂದರು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಹಲಗೆಯ ತೊಟ್ಟಿ, ಹನ್ನೆರಡು ಅಕ್ಕಿ ಚೀಲ ಹಿಡಿಯುತ್ತಿತ್ತು. ಅದರ ಜೊತೆ ಬಂದಿದ್ದ ಆದೋನಿಯ ಡ್ರೈವರು ಎರಡು ವರ್ಷ ಇದ್ದು ಪಲ್ಟನ್ನಿಗೆ ಸೇರಿಕೊಂಡ. ಹೋಗುವ ಮುಂಚೆ ತೋಟಪ್ಪನವರ ಅಪ್ಪಣೆಯಂತೆ ಸುಂಕಪ್ಪನಿಗೆ ಗಾಡಿ ಕಲಿಸಿಕೊಟ್ಟ.

ಕಲಿಯುವುದು ಸುಲಭವಿರಲಿಲ್ಲ. ಆ ಗಾಡಿಯ ಗೇರು ಬದಲಿಸಬೇಕೆಂದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ಇಂಜಿನ್ನಿಗೆ ಒಂದಿಷ್ಟು ವೇಗ ಕೊಡಬೇಕು, ಒಳಗಿನ ಹಲ್ಲುಗಾಲಿಗಳು ಒಂದೇ ಓಟಕ್ಕೆ ಬಂದ ಗಳಿಗೆಯಲ್ಲಿ ಕೋಲು ತಳ್ಳಬೇಕು. ತಪ್ಪಿದರೆ ಕರಕರ ಎಂದು ಹಲ್ಲು ಕಡಿಯುತ್ತಿತ್ತು. ಮೊದಲ ತಿಂಗಳು ಸುಂಕಪ್ಪ ಬೆವೆತು ಹೋದ. ಆಮೇಲೆ ಒಂದು ದಿನ ಕೋಲಿನ ಕಡೆ ನೋಡುವುದನ್ನೇ ಬಿಟ್ಟು, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ತಳ್ಳಿದ. ಕೋಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಂದಿನಿಂದ ಜನ ಅವನನ್ನು ಲಾರಿ ಸುಂಕಪ್ಪ ಎಂದು ಕರೆದರು.

ತೋಟಪ್ಪನವರದು ಒಂದೇ ಕಟ್ಟುನಿಟ್ಟು. ಗಾಡಿ ಹೊಳೆ ದಾಟಬಾರದು. ಕಂಪ್ಲಿಯ ಆಚೆ ದಡ ನಿಜಾಮರ ಸೀಮೆ. ಅಲ್ಲಿ ಬೇರೆ ಸರ್ಕಾರ, ಬೇರೆ ಕಾಗದ ಪತ್ರ. ಆಗ ಸೇತುವೆಯೂ ಇರಲಿಲ್ಲ. ಮಳೆಗಾಲದಲ್ಲಿ ಹರಿಗೋಲು, ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ಬಂಡಿಗಳು ದಾಟುತ್ತಿದ್ದವು.

ಸಾವಿರದ ಒಂಬೈನೂರ ನಲವತ್ತೆರಡರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ತೋಟಪ್ಪನವರು ಬಳ್ಳಾರಿಗೆ ಹೋಗಿದ್ದಾಗ, ಹೊಳೆಯಾಚೆಯ ಚಿಕ್ಕಜಂತಕಲ್ಲಿನಿಂದ ಒಬ್ಬ ನೆಂಟ ಗಿರಣಿಗೆ ಬಂದ. ಸುಂಕಪ್ಪನ ಅಕ್ಕ ಪಂಪಮ್ಮ ಎಂಟು ದಿನದಿಂದ ಜ್ವರದಲ್ಲಿ ಮಲಗಿದ್ದಾಳೆ, ನಿನ್ನೆಯಿಂದ ಕರೆದರೆ ಓ ಎನ್ನುತ್ತಿಲ್ಲ ಎಂದ. ತಾಯಿ ಇಲ್ಲದ ಸುಂಕಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಬಂಡಿಯಲ್ಲಿ ಹಾಕಿಕೊಂಡು ಹೊಸಪೇಟೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ಹಗಲು ಪೂರ್ತಿ ಬೇಕು. ಸುಂಕಪ್ಪ ಯಾರನ್ನೂ ಕೇಳಲಿಲ್ಲ. ಲಾರಿಯನ್ನು ಹೊಳೆಯ ದಾರಿಗೆ ತಿರುಗಿಸಿದ.

ನೀರು ಗಾಲಿಯ ನಡುಮಟ್ಟಕ್ಕೆ ಇತ್ತು. ಅಂಬಿಗನೊಬ್ಬ ಮುಂದೆ ನಡೆದು ಬಂಡೆಯ ಜಾಡು ತೋರಿಸಿದ. ನಡುಹೊಳೆಯಲ್ಲಿ ಒಂದು ಕಡೆ ಹಿಂದಿನ ಗಾಲಿ ಗುಂಡಿಗೆ ಇಳಿದು ಕಾಲು ತಾಸು ಅಲ್ಲೇ ನಿಂತಿತು. ನಾಲ್ಕು ಮಂದಿ ತಳ್ಳಿದ ಮೇಲೆ ಎದ್ದಿತು. ಬರುವಾಗ ತೊಟ್ಟಿಯಲ್ಲಿ ಹುಲ್ಲು ಹಾಸಿ ಅಕ್ಕನನ್ನು ಮಲಗಿಸಿಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಅವಳು ಹೊಸಪೇಟೆಯ ಆಸ್ಪತ್ರೆಯ ಮಂಚದ ಮೇಲಿದ್ದಳು. ವಿಷಮಶೀತ ಜ್ವರ ಎಂದರು. ಮೂರು ವಾರಕ್ಕೆ ಎದ್ದು ಕೂತಳು. ಸುಂಕಪ್ಪ ಅಂದು ಸಂಜೆ ಗಾಡಿಯ ಕೆಸರು ತೊಳೆದು, ತೊಟ್ಟಿಯ ಹುಲ್ಲು ಗುಡಿಸಿ, ಗಿರಣಿಯ ಮುಂದೆ ನಿಲ್ಲಿಸಿ ಮನೆಗೆ ಹೋದ. ತೋಟಪ್ಪನವರಿಗೆ ಹೇಳಲಿಲ್ಲ. ಮೊದಲ ದಿನ ಹೇಳದ್ದು ಆಮೇಲೆ ಹೇಳಲಿಕ್ಕೆ ಬರಲಿಲ್ಲ.

ಮೇ ತಿಂಗಳಲ್ಲಿ ಗಾಡಿಯ ಹಿಂಭಾಗದಿಂದ ಒಂದು ಗುಂಯ್‌ ಸದ್ದು ಕೇಳತೊಡಗಿತು.

ಅಂಥ ಗಾಡಿಯ ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿ ಗಾತ್ರದ ಕಬ್ಬಿಣದ ಗುಂಡು ಇರುತ್ತದೆ. ಇಂಜಿನ್ನಿನ ಬಲ ಗೇರ್ ಬಾಕ್ಸಿಗೆ ಬಂದು, ಅಲ್ಲಿಂದ ಉದ್ದನೆಯ ಶಾಫ್ಟಿನಲ್ಲಿ ಹಿಂದೆ ಹೋಗಿ, ಆ ಗುಂಡಿನೊಳಗಿನ ಹಲ್ಲುಗಾಲಿಗಳ ಮೂಲಕ ಎಡಕ್ಕೊಂದು ಬಲಕ್ಕೊಂದು ಇರುವ ಅಚ್ಚುಗಳನ್ನು ತಿರುಗಿಸುತ್ತದೆ. ಸುಂಕಪ್ಪ ಸದ್ದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ. ಯಾವ ಗೇರಿನಲ್ಲಿ ಓಡಿಸಿದರೂ ಅದೇ ಸದ್ದು. ಕಾಲು ಒತ್ತಿದರೆ ಒಂದು ದನಿ, ಕಾಲು ಎತ್ತಿದರೆ ಇನ್ನೊಂದು ದನಿ. ಗೇರ್ ಬಾಕ್ಸಿನ ದೋಷವಾಗಿದ್ದರೆ ಗೇರು ಬದಲಾದಾಗ ಸದ್ದೂ ಬದಲಾಗಬೇಕಿತ್ತು. ದೋಷ ಹಿಂದೆ, ಗುಂಡಿನಲ್ಲಿದೆ ಎಂದು ಅವನಿಗೆ ಖಾತ್ರಿಯಾಯಿತು.

"ಸಾವ್ಕಾರ್ರ, ಹಿಂದಿನ ಗುಂಡು ಬಿಚ್ಚಿಸಿ ನೋಡ್ಬೇಕ್ರಿ. ಸದ್ದು ಛಲೋ ಇಲ್ಲ," ಎಂದ.

ತೋಟಪ್ಪನವರು ಸಂಡೂರಿನ ಮ್ಯಾಂಗನೀಸ್ ಗಣಿಯ ಕೂಲಿಗಳಿಗೆ ಅಕ್ಕಿ ಒದಗಿಸಲು ಒಪ್ಪಿಕೊಂಡಿದ್ದರು. ವಾರಕ್ಕೆ ಮೂರು ಸಲ ಗಾಡಿ ಬೆಟ್ಟ ಹತ್ತಬೇಕಿತ್ತು. "ಈಗ ಬಿಚ್ಚಿಸಿದ್ರ ಗಾಡಿ ತಿಂಗ್ಳು ನಿಂದ್ರತೈತಿ. ಮಳಿ ಹಿಡಿಯಾವರೆಗೂ ಓಡ್ಲಿ ಬಿಡು," ಎಂದರು. ಆದರೂ ಮನಸ್ಸು ತಡೆಯದೆ ಹೊಸಪೇಟೆ ಸ್ಟೇಷನ್ ಹತ್ತಿರದ ವರ್ಕ್‌ಶಾಪಿನ ಮಿಸ್ತ್ರಿ ದೊಡ್ಡಬಸಪ್ಪನಿಗೆ ತೋರಿಸಿದರು. ಅವನು ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು, "ಗೇರ್ ಬಾಕ್ಸು ಸವದೈತ್ರಿ. ಇನ್ನಾ ಎರಡು ತಿಂಗ್ಳು ತಡೀತೈತಿ," ಎಂದ.

ತಡೆದದ್ದು ಹದಿನೆಂಟು ದಿನ. ಜೂನ್ ಮೊದಲ ವಾರ, ಹನ್ನೆರಡು ಚೀಲ ಅಕ್ಕಿ ಹೇರಿಕೊಂಡು ಸಂಡೂರಿನ ಏರು ಹತ್ತುವಾಗ, ಹಿಂದೆ ಬಂದೂಕು ಹಾರಿದಂತೆ ಒಂದು ಸದ್ದಾಯಿತು. ಇಂಜಿನ್ನು ಒಮ್ಮೆಲೇ ಹಗುರಾಗಿ ಕೂಗಿಕೊಂಡಿತು. ಗಾಡಿ ನಿಂತಿತು, ನಿಂತು ಹಿಂದಕ್ಕೆ ಜಾರತೊಡಗಿತು. ಬ್ರೇಕು ತುಳಿದರೂ ಭಾರಕ್ಕೆ ಪೂರ್ತಿ ಹಿಡಿಯಲಿಲ್ಲ. ಸುಂಕಪ್ಪ ಗಾಬರಿಯಾಗದೆ ಸ್ಟೇರಿಂಗು ತಿರುಗಿಸಿ, ಗಾಡಿಯ ಹಿಂಬದಿಯನ್ನು ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಒರಗಿಸಿದ. ಇನ್ನೊಂದು ಕಡೆ ಪ್ರಪಾತವಿತ್ತು. ಇಳಿದು ಗಾಲಿಗೆ ಕಲ್ಲು ಕೊಟ್ಟ.

ಆಮೇಲೆ ಇಂಜಿನ್ನು ಚಾಲೂ ಮಾಡಿ, ಗೇರು ಹಾಕಿ, ಕೆಳಗೆ ಬಗ್ಗಿ ನೋಡಿದ. ಉದ್ದ ಶಾಫ್ಟು ಗಿರಗಿರ ತಿರುಗುತ್ತಿತ್ತು. ಗಾಲಿಗಳು ಮಾತ್ರ ಅಲ್ಲಾಡುತ್ತಿರಲಿಲ್ಲ.

ಗಾಡಿಯನ್ನು ಹೊಸಪೇಟೆಗೆ ಎಳೆದು ತಂದದ್ದು ಎರಡು ಜೊತೆ ಎತ್ತು. ವರ್ಕ್‌ಶಾಪಿನಲ್ಲಿ ದೊಡ್ಡಬಸಪ್ಪ ನೋಡಿದವನೇ ಗೇರ್ ಬಾಕ್ಸು ಹೋಯಿತು ಎಂದ. ಸುಂಕಪ್ಪ ತಾನು ಕಂಡದ್ದನ್ನು ಹೇಳಿದ. "ಗೇರ್ ಬಾಕ್ಸು ಹೋಗಿದ್ರ ಶಾಫ್ಟು ಹೆಂಗ ತಿರಗ್ತದ್ರಿ?" ದೊಡ್ಡಬಸಪ್ಪ ನಕ್ಕ. "ಬಂಡಿ ಹೊಡ್ಯಾವ್ರು ಮೋಟಾರು ರಿಪೇರಿ ಹೇಳಾಕ ಹತ್ತಿದ್ರು." ಮುಚ್ಚಳ ತೆಗೆದು ನೋಡಿದಾಗ ಎರಡನೇ ಗೇರಿನ ಒಂದು ಹಲ್ಲಿನ ತುದಿ ನಿಜಕ್ಕೂ ಚಕ್ಕೆ ಎದ್ದಿತ್ತು. ಅದು ಹಳೆಯ ಗಾಯ. ಆದರೆ ತೋಟಪ್ಪನವರ ಕಣ್ಣಿಗೆ ಅದೇ ಸಾಕಾಯಿತು.

"ಎತ್ತು ಹೊಡ್ದಂಗ ಗೇರು ಹೊಡ್ದಿ. ನನ್ನ ಗಾಡಿ ಹಾಳು ಮಾಡ್ದಿ," ಎಂದರು, ವರ್ಕ್‌ಶಾಪಿನ ಹತ್ತು ಜನರ ಮುಂದೆ.

ಸುಂಕಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿದ. "ನಾ ಒಂದ್ ದಿನಾನೂ ಗೇರಿನ ಹಲ್ಲು ಕಡಿಸಿದಾವಲ್ಲ ಸಾವ್ಕಾರ್ರ. ಸದ್ದು ಐತಿ ಅಂತ ನಿಮಗ ಹೇಳಿದ್ದೆ. ಇಷ್ಟರ ಮ್ಯಾಲೆ ನಿಮ್ಮ ಗಾಡಿ, ನಿಮ್ಮ ಮಾತು." ಕೀಲಿಯನ್ನು ಮೇಜಿನ ಮೇಲಿಟ್ಟು ಬುಕ್ಕಸಾಗರದ ದಾರಿ ಹಿಡಿದ. ಮಾರನೇ ದಿನದಿಂದ ಮತ್ತೆ ಬಂಡಿ ಕಟ್ಟಿದ. ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಮೂರನೇ ದಿನ ಉಂಡ.

ವರ್ಕ್‌ಶಾಪಿನ ಯಜಮಾನರು ಕಮಲಾಕರರಾಯರು. ಮದರಾಸಿನಲ್ಲಿ ಓದಿ ಬಂದವರು. ಆ ದಿನಗಳಲ್ಲಿ ಅವರು ಊರಲ್ಲಿರಲಿಲ್ಲ. ಮೂರು ವಾರದ ಮೇಲೆ ಹಿಂದಿರುಗುವ ಹೊತ್ತಿಗೆ ದೊಡ್ಡಬಸಪ್ಪ ಎಲ್ಲಿಂದಲೋ ಹಳೆಯ ಹಲ್ಲುಗಾಲಿ ತಂದು ಗೇರ್ ಬಾಕ್ಸು ಜೋಡಿಸಿ ಮುಗಿಸಿದ್ದ. ಇಂಜಿನ್ನು ಚಾಲೂ ಆಯಿತು, ಗೇರು ಬಿತ್ತು, ಗಾಡಿ ಇದ್ದಲ್ಲಿಂದ ಒಂದು ಗೇಣೂ ಸರಿಯಲಿಲ್ಲ. ರಾಯರು ಚಾಪೆ ಹಾಸಿಕೊಂಡು ಕೆಳಗೆ ತೂರಿ ನೋಡಿದರು. ಎದ್ದು ಬಂದು ಕನ್ನಡಕ ಒರೆಸಿಕೊಳ್ಳುತ್ತ ತೋಟಪ್ಪನವರಿಗೆ ಹೇಳಿದರು: "ಶಾಫ್ಟು ತಿರುಗ್ತಾ ಇದೆ, ಗಾಲಿ ತಿರುಗ್ತಾ ಇಲ್ಲ. ಮುರಿದಿರೋದು ಹಿಂದಿನ ಅಚ್ಚು. ಗೇರ್ ಬಾಕ್ಸು ಬಿಚ್ಚಿದ್ದು ನಮ್ಮ ತಪ್ಪು. ಆ ಕೆಲಸಕ್ಕೆ ನಾನು ಏನೂ ತಗೊಳ್ಳೋದಿಲ್ಲ. ಮೊದಲ ದಿನವೇ ಯಾರಾದರೂ ಬಗ್ಗಿ ನೋಡಿದ್ರೆ ತಿಳೀತಿತ್ತು."

"ನೋಡಿದ್ದ," ಎಂದರು ತೋಟಪ್ಪನವರು. "ನಮ್ಮ ಡ್ರೈವರು ನೋಡಿದ್ದ."

ಮಾರನೇ ಬೆಳಿಗ್ಗೆ ಅವರು ಆಳನ್ನು ಕಳಿಸಲಿಲ್ಲ, ತಾವೇ ಬುಕ್ಕಸಾಗರಕ್ಕೆ ಹೋದರು. ಸುಂಕಪ್ಪ ಎತ್ತಿನ ಮೈ ತೊಳೆಯುತ್ತಿದ್ದ. ಎರ್ರಮ್ಮ ಕಂಬಳಿ ಹಾಸಿ, "ಕುಂದ್ರಿ" ಎಂದು ಮಜ್ಜಿಗೆ ತಂದಳು. ತೋಟಪ್ಪನವರು ಮಜ್ಜಿಗೆ ಕುಡಿದರು, ಲೋಟ ಕೆಳಗಿಟ್ಟರು, ಗಂಟಲು ಸರಿಮಾಡಿಕೊಂಡರು.

"ಮಂದಿ ಮುಂದ ನಾ ಹಂಗ ಅನ್ನಬಾರದಿತ್ತು, ಸುಂಕಪ್ಪ. ನೀ ಹೇಳಿದ್ದೇ ಖರೆ ಆತು. ಬಾ, ಗಾಡಿ ನೋಡು."

ಸುಂಕಪ್ಪನಿಗೆ ಆ ಗಳಿಗೆಯಲ್ಲಿ ಎದೆ ಉಬ್ಬಿದ್ದು ಸುಳ್ಳಲ್ಲ. ಅವನು ಕೈ ಒರೆಸಿಕೊಂಡು ಅವರ ಜೊತೆ ಹೊರಟ.

ಗುಂಡಿನ ಹಿಂದಿನ ಮುಚ್ಚಳ ಬಿಚ್ಚಿದ್ದು ಸುಂಕಪ್ಪನೇ. ಕಪ್ಪಗೆ ಗಟ್ಟಿಯಾದ ಎಣ್ಣೆ ಇಳಿಯಬೇಕಾದಲ್ಲಿ, ಕೆನೆ ಒಡೆದ ಮಜ್ಜಿಗೆಯಂಥ ಬೂದು ಬಣ್ಣದ ನೀರು ತಟ್ಟೆಗೆ ಸುರಿಯಿತು. ಬೇರಿಂಗಿನ ಗೋಲಿಗಳ ಮೇಲೆಲ್ಲ ತುಕ್ಕಿನ ಚುಕ್ಕೆ. ಬಲಗಡೆಯ ಅಚ್ಚು ಒಳತುದಿಯಿಂದ ಒಂದು ಗೇಣು ದೂರದಲ್ಲಿ ಎರಡು ತುಂಡಾಗಿತ್ತು.

ಕಮಲಾಕರರಾಯರು ಆ ನೀರನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನೀರು ಹೊಕ್ಕಿದೆ. ಗಾಡಿ ಎಲ್ಲಾದರೂ ಆಳದ ನೀರಲ್ಲಿ ನಿಂತಿತ್ತೇ?"

"ನಮ್ಮ ಗಾಡಿ ಹೊಳಿಗೆ ಇಳಿಯಂಗಿಲ್ರಿ," ಎಂದರು ತೋಟಪ್ಪನವರು ತಟ್ಟನೆ. "ಅದು ನಮ್ಮ ಕಾಯ್ದೆ."

"ಹಾಗಾದರೆ ಮಳೆ ನೀರೇನೋ," ಎಂದು ರಾಯರು ಎದ್ದರು.

ಸುಂಕಪ್ಪ ತಟ್ಟೆಯನ್ನೇ ನೋಡುತ್ತ ಕೂತಿದ್ದ. ನಡುಹೊಳೆಯಲ್ಲಿ ಕಾಲು ತಾಸು ಗುಂಡಿಯಲ್ಲಿ ನಿಂತ ಹಿಂಗಾಲಿ ಅವನ ಕಣ್ಣ ಮುಂದೆ ಬಂತು. ಎತ್ತಿನ ಬಂಡಿಯಾಗಿದ್ದರೆ ಅಂದೇ ಗಾಲಿ ಕಳಚುತ್ತಿದ್ದ. ಇದು ಮೇಲೆ ಕಬ್ಬಿಣ ಮುಚ್ಚಿದ ಗಾಡಿ, ನೀರು ಎಲ್ಲಿ ಹೋದೀತು ಎಂದುಕೊಂಡಿದ್ದ. ಹಾಗೂ ಅಲ್ಲ, ಅಂದು ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಯಾರೂ ಕಾಣದಂತೆ ತೊಳೆದಿಡುವ ಆತುರ ಒಂದೇ ಇತ್ತು. ಒಂದು ತಿಂಗಳು ತಾನು ಕಿವಿಗೊಟ್ಟು ಕೇಳಿದ್ದು ತನ್ನದೇ ತಪ್ಪಿನ ಸದ್ದು. ಈಗ ಸಾವ್ಕಾರರು ಮನೆ ಬಾಗಿಲಿಗೆ ಬಂದು ತಪ್ಪಾಯಿತು ಎಂದು ಹೇಳಿದ್ದರು. ಬಾಯಿ ತೆರೆಯಲು ನೋಡಿದ. ಕೊನೆಗೆ ತಟ್ಟೆಯನ್ನೆತ್ತಿ ಆ ನೀರನ್ನು ಹೊರಗೆ ಚೆಲ್ಲಿ ಬಂದ.

ಹೊಸ ಅಚ್ಚಿಗೆ ರಾಯರು ಮದರಾಸಿಗೆ ತಂತಿ ಕೊಟ್ಟರು. ಯುದ್ಧದ ಕಾಲ, ಹಡಗುಗಳಲ್ಲಿ ಸಾಮಾನು ಬರುತ್ತಿಲ್ಲ, ಆರು ತಿಂಗಳು ಕಾಯಿರಿ ಎಂದು ಉತ್ತರ ಬಂತು. ಆಗ ಸುಂಕಪ್ಪ ಮುರಿದ ಎರಡು ತುಂಡುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಕಮಲಾಪುರದ ತಾಯಕ್ಕನ ಕುಲುಮೆಗೆ ಹೋದ.

ತಾಯಕ್ಕ ಕಮ್ಮಾರರ ಮನೆಯ ವಿಧವೆ, ಐವತ್ತರ ಹೆಂಗಸು. ಗಂಡ ತೀರಿದ ಮೇಲೆ ಕುಲುಮೆ ಆರಲು ಬಿಟ್ಟಿರಲಿಲ್ಲ. ಸೊಸೆ ತಿದಿ ಒತ್ತುತ್ತಿದ್ದಳು, ಇಕ್ಕಳ ಹಿಡಿದು ಕಬ್ಬಿಣ ತಿರುಗಿಸುವುದು ತಾಯಕ್ಕನೇ. ಸುತ್ತಲ ಹಳ್ಳಿಗಳ ಗುಳ, ಕುಡುಗೋಲು, ಬಂಡಿಯ ಹಳಿ ಎಲ್ಲ ಅವಳ ಕೈಯಿಂದಲೇ. ಅವಳು ತುಂಡುಗಳನ್ನು ಬಿಸಿಲಿಗೆ ಹಿಡಿದು ಮುರಿದ ಬಾಯಿಯನ್ನು ನೋಡಿದಳು.

"ಇದು ಒಂದೇ ದಿನ ಮುರಿದಿದ್ದಲ್ಲ, ತಮ್ಮ. ನೋಡಿಲ್ಲಿ. ಈ ಅರ್ಧ ಬೆಳ್ಳಗೆ ಹರಳು ಹರಳಾಗಿ ಐತಿ, ಇದು ಮೊನ್ನೆ ಮುರಿದಿದ್ದು. ಈ ಅರ್ಧ ನುಣ್ಣಗ, ತುಕ್ಕಿನ ಬಣ್ಣಕ್ಕ ಐತಿ. ಇಲ್ಲಿ ಒಂದೆರಡು ತಿಂಗಳ ಹಿಂದ ಸೀಳು ಬಿಟ್ಟೈತಿ. ದಿನಾ ಒಂಚೂರು ಬೆಳದೈತಿ. ನೀರು ಮುಟ್ಟೈತಿ ಇದಕ್ಕ."

ಸುಂಕಪ್ಪ ಗೋಣಿತಟ್ಟನ್ನು ಮಡಚತೊಡಗಿದ.

"ಯಾಕ, ನಿನಗ ಗೊತ್ತಿತ್ತೇನು?"

"ನಾನ ಹೊಳಿಗೆ ಇಳಿಸಿದ್ದೆ, ಅಕ್ಕ." ಅವನು ಏಪ್ರಿಲ್ ತಿಂಗಳ ಆ ದಿನದ ಕತೆಯನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. "ಸಾವ್ಕಾರ್ರು ಮನಿಗೆ ಬಂದು, ತಪ್ಪು ತಮ್ಮದು ಅಂದ್ರು. ನಾ ಎದಿ ಉಬ್ಬಿಸ್ಕೊಂಡು ಅವರ ಜೊತಿ ಹೊಂಟು ಬಂದೆ."

ತಾಯಕ್ಕ ತುಂಡನ್ನು ಕೆಳಗಿಟ್ಟಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅಚ್ಚು ನಾ ಮಾಡಿ ಕೊಡ್ತೀನಿ. ಇದಕ್ಕಿಂತ ದಪ್ಪದ, ಇಂಥದ್ದೇ ಜಾತಿ ಉಕ್ಕು ತಂದು ಕೊಡು. ಆದ್ರ ಅದಕ್ಕೂ ಮೊದ್ಲು ಕಂಪ್ಲಿಗೆ ಹೋಗಿ ಬಾ. ಮನಸಿನ್ಯಾಗ ಹಿಂಗ ಇಟ್ಗಂಡು ನೀ ಚಮ್ಮಟಿಗಿ ಹೊಡದ್ರ ಏಟು ಸರಿ ಬೀಳಂಗಿಲ್ಲ."

ಅವನು ಅಲ್ಲಿಂದಲೇ ಕಂಪ್ಲಿಗೆ ನಡೆದ. ದಾರಿಯಲ್ಲಿ ಕಾಲುವೆಯ ನೀರಿಗೆ ಹೆಂಗಸರು ನಾಟಿ ಹಚ್ಚುತ್ತಿದ್ದರು. ಪರಿಚಯದವರು ಮಾತಾಡಿಸಿದರು, ಅವನಿಗೆ ಏನು ಉತ್ತರಿಸಿದೆನೆಂಬುದು ನೆನಪಿರಲಿಲ್ಲ. ಗಿರಣಿಯಲ್ಲಿ ತೋಟಪ್ಪನವರು ಅಕ್ಕಿಯ ರಾಶಿಯ ಪಕ್ಕ ನಿಂತು, ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ನುಚ್ಚು ನೋಡುತ್ತಿದ್ದರು.

"ಸಾವ್ಕಾರ್ರ, ಗುಂಡಿನ್ಯಾಗ ಬಂದಿದ್ದು ಮಳಿ ನೀರಲ್ರಿ. ಹೊಳಿ ನೀರು. ನೀವು ಬಳ್ಳಾರಿಗೆ ಹೋದಾಗ ನಾನ ಗಾಡಿ ಚಿಕ್ಕಜಂತಕಲ್ಲಿಗೆ ಹೊಡಕೊಂಡು ಹೋಗಿದ್ದೆ. ನಮ್ಮಕ್ಕಗ ಜ್ವರ ಬಂದಿತ್ತು, ದವಾಖಾನಿಗೆ ತಂದೆ. ನಿಮಗ ಹೇಳ್ಲಿಲ್ಲ. ಬಂದ ಮ್ಯಾಲೆ ಎಣ್ಣಿನೂ ಬದಲಿ ಮಾಡ್ಲಿಲ್ಲ. ಗಾಡಿ ಕೆಟ್ಟಿದ್ದು ನನ್ನಿಂದ."

ತೋಟಪ್ಪನವರು ಅಂಗೈಯ ಅಕ್ಕಿಯನ್ನು ರಾಶಿಗೆ ಸುರಿದರು. ಅಂಗೈ ಕೊಡವಿಕೊಂಡರು. ಒಳಗೆ ಗಿರಣಿಯ ಪಟ್ಟೆ ಪಟಪಟ ಎನ್ನುತ್ತಿತ್ತು.

"ಈಗ ಹೆಂಗದಾಳ ನಿಮ್ಮಕ್ಕ?" ಎಂದರು ಕೊನೆಗೆ.

"ಎದ್ದು ಓಡ್ಯಾಡ್ತಾಳ್ರಿ."

"ನನ್ನ ಕೇಳಿದ್ರ ನಾ ಬ್ಯಾಡ ಅಂತಿದ್ದೆ ಏನು?"

ಸುಂಕಪ್ಪ ಯೋಚಿಸಿದ. ಸುಳ್ಳು ಹೇಳುವ ದಿನ ಅದಲ್ಲ ಎನಿಸಿತು. "ಅಂತಿದ್ರೇನೋ ರೀ. ಅದಕ್ಕ ಕೇಳ್ಲಿಲ್ಲ."

ತೋಟಪ್ಪನವರ ಮುಖ ಕೆಂಪಾಯಿತು. ಬೈಗುಳ ಬರುತ್ತದೆಂದು ಸುಂಕಪ್ಪ ತಲೆ ತಗ್ಗಿಸಿ ನಿಂತ. ಬಂತು ಕೂಡ, ಗಿರಣಿಯ ಕೂಲಿಗಳೆಲ್ಲ ತಿರುಗಿ ನೋಡುವಂತೆ, ಕಾಯ್ದೆ ಮುರಿದದ್ದಕ್ಕೆ, ಮುಚ್ಚಿಟ್ಟದ್ದಕ್ಕೆ, ಏರಿನಲ್ಲಿ ಸತ್ತು ಹೋಗಿದ್ದರೆ ಎರ್ರಮ್ಮನಿಗೆ ತಾನು ಏನು ಹೇಳಬೇಕಿತ್ತು ಎಂಬುದಕ್ಕೆ. ಬೈದು ದಣಿದು ಚೀಲದ ಮೇಲೆ ಕೂತರು. ಆಮೇಲೆ ದನಿ ಇಳಿಸಿ, "ಸದ್ದು ಐತಿ ಅಂತ ನೀ ಬಾಯಿ ಬಿಟ್ಟು ಹೇಳ್ದಾಗ ನಾನೂ ಕೇಳ್ಲಿಲ್ಲ. ಆವತ್ತ ಬಿಚ್ಚಿದ್ರ ಎಣ್ಣಿ ಬದಲ್ಸಿ ಮುಗೀತಿತ್ತು," ಎಂದರು. "ಹೋಗು. ಗಾಡಿ ಎಬ್ಬಿಸು."

ದಪ್ಪ ಉಕ್ಕು ಸಿಕ್ಕಿದ್ದು ಸಂಡೂರಿನಲ್ಲಿ. ಗಣಿಯ ಗುಜರಿಯಲ್ಲಿ ದೊಡ್ಡ ಲಾರಿಯೊಂದರ ಅಚ್ಚು ಮಳೆಗೆ ಬಿಸಿಲಿಗೆ ಬಿದ್ದಿತ್ತು. ಸುಂಕಪ್ಪ ಅದನ್ನು ಕೇಳಿ ತಂದ. ಮುಂದಿನ ಆರು ದಿನ ಕಮಲಾಪುರದ ಕುಲುಮೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ತಾಯಕ್ಕ ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಟಿಣ್ ಎಂದು ಜಾಗ ತೋರಿಸುವಳು. ಸುಂಕಪ್ಪ ಅದೇ ಜಾಗಕ್ಕೆ ಚಮ್ಮಟಿಗೆ ಇಳಿಸುವನು. ದಪ್ಪದ ಅಚ್ಚು ದಿನದಿನಕ್ಕೆ ತೆಳ್ಳಗಾಗುತ್ತ ಬಂತು. ಕಮಲಾಕರರಾಯರು ಸೈಕಲ್ಲಿನಲ್ಲಿ ಬಂದು ಅಳತೆ ನೋಡಿ, ಇನ್ನೂ ಒಂದು ಕೂದಲಿನಷ್ಟು, ಅರ್ಧ ಕೂದಲಿನಷ್ಟು ಎಂದು ಹೇಳಿ ಹೋಗುತ್ತಿದ್ದರು. ತುದಿಯಲ್ಲಿ ಹಲ್ಲುಗಾಲಿಯೊಳಗೆ ಕೂರಬೇಕಾದ ಗೀರುಗಳನ್ನು ಸುಂಕಪ್ಪ ಅರದಿಂದ ಉಜ್ಜಿ ಉಜ್ಜಿ ತೆಗೆದ. ಅದಕ್ಕೇ ಮೂರು ದಿನ ಹಿಡಿಯಿತು, ಅಂಗೈ ಬೊಬ್ಬೆ ಎದ್ದಿತು.

ಹದ ಕೊಡುವುದು ಮಾತ್ರ ಮೊದಲ ಸಲ ಕೈಕೊಟ್ಟಿತು. ಕೆಂಪಗೆ ಕಾದ ಅಚ್ಚನ್ನು ತಾಯಕ್ಕ ಹೊಂಗೆ ಎಣ್ಣೆಯಲ್ಲಿ ಅದ್ದಿ ತೆಗೆದಳು. ಆರಿದ ಮೇಲೆ ಅಡಿಗಲ್ಲಿನ ಮೇಲೆ ಒಂದು ಏಟು ಹಾಕಿ ನೋಡಿದರೆ ತುದಿಯಿಂದ ನಡುವಿನವರೆಗೆ ಕೂದಲೆಳೆಯಂಥ ಸೀಳು. ಸೊಸೆ ಕಣ್ಣು ತುಂಬಿಕೊಂಡಳು. ತಾಯಕ್ಕ, "ಭಾಳ ಬಿರುಸಾತು, ಮತ್ತ ಮಾಡಾಣ," ಎಂದಷ್ಟೇ ಹೇಳಿದಳು. ಸುಂಕಪ್ಪ ಮತ್ತೆ ಸಂಡೂರಿಗೆ ಹೋಗಿ ಅದೇ ಲಾರಿಯ ಇನ್ನೊಂದು ಅಚ್ಚು ತಂದ; ಬಡಿಯುವುದು, ಉಜ್ಜುವುದು ಎಲ್ಲ ಮೊದಲಿನಿಂದ ಆಯಿತು. ಎರಡನೇ ಸಲ ಅವಳು ಎಣ್ಣೆಯಿಂದ ತೆಗೆದ ಅಚ್ಚನ್ನು ಮತ್ತೆ ಕೆಂಡದ ಮೇಲೆ ಹಿಡಿದು, ನಿಧಾನ ತಿರುಗಿಸುತ್ತ, ಉಕ್ಕಿನ ಮೈಮೇಲೆ ಹುಲ್ಲಿನ ಹಳದಿ ಹೋಗಿ ನವಿಲಿನ ಕೊರಳ ನೀಲಿ ಬರುವ ತನಕ ಕಾದಳು. ಬಂದ ಕ್ಷಣಕ್ಕೆ ಬೂದಿಯಲ್ಲಿ ಹೂತಳು. ಮರುದಿನ ತೆಗೆದು ಏಟು ಹಾಕಿದಾಗ ಗಂಟೆ ಬಾರಿಸಿದಂಥ ಶುದ್ಧ ದನಿ ಬಂತು.

ರಾಯರು ಹಳೆಯ ಸಾಮಾನಿನಲ್ಲಿ ಹುಡುಕಿ ಹೊಂದುವ ಬೇರಿಂಗು ತೆಗೆದರು. ದೊಡ್ಡಬಸಪ್ಪ ತಾನಾಗಿಯೇ ಬಂದು ಗಾಡಿಯ ಕೆಳಗೆ ಮಲಗಿ, ಸುಂಕಪ್ಪನ ಜೊತೆ ಬೋಲ್ಟು ಬಿಗಿದ. ಹಿಂದಿನ ಗುಂಡಿನೊಳಗೆ ಹೊಸ ಎಣ್ಣೆ ತುಂಬಿದರು.

ಅಕ್ಕಿ ಹೇರಿಕೊಂಡು ಸಂಡೂರಿನ ಏರು ಹತ್ತುವ ದಿನ ತೋಟಪ್ಪನವರು ತಾವೂ ಬರುತ್ತೇನೆಂದು ಪಕ್ಕದಲ್ಲಿ ಕೂತರು. ಸುಂಕಪ್ಪ ಮೊದಲ ಗೇರಿಗೆ ಇಳಿಸಿ, ಆತುರವಿಲ್ಲದೆ ಹತ್ತಿಸಿದ. ಅರ್ಧ ದಾರಿಯಲ್ಲಿ ತೋಟಪ್ಪನವರು, "ಏನಾರ ಕೇಳ್ತೈತೇನು?" ಎಂದರು. ಸುಂಕಪ್ಪ ಕಿವಿಗೊಟ್ಟ. ಇಂಜಿನ್ನು ದಮ್ಮು ಕಟ್ಟಿ ಎಳೆಯುತ್ತಿತ್ತು. ಹಿಂದಿನಿಂದ ಏನೂ ಇರಲಿಲ್ಲ. "ಇಲ್ರಿ," ಎಂದ. ಮಧ್ಯಾಹ್ನಕ್ಕೆ ಮೊದಲೇ ಚೀಲ ಇಳಿಸಿ, ಗಣಿಯ ಹತ್ತಿರದ ಮರದ ನೆರಳಲ್ಲಿ ಇಬ್ಬರೂ ಬುತ್ತಿ ಬಿಚ್ಚಿ ಉಂಡರು.

ತಾಯಕ್ಕನ ಅಚ್ಚು ನಾಲ್ಕು ವರ್ಷ ಓಡಿತು. ಪೆಟ್ರೋಲು ಸಿಗದ ದಿನಗಳಲ್ಲಿ ಗಾಡಿಗೆ ಇದ್ದಿಲಿನ ಒಲೆ ಕಟ್ಟಿಸಿ, ಅದರ ಗ್ಯಾಸಿನಿಂದಲೇ ಇಂಜಿನ್ನು ಓಡಿಸಿದರು. ಆಗಲೂ ಅದೇ ಅಚ್ಚು. ಆ ಸುದ್ದಿ ಹರಡಿ, ಹೊಸಪೇಟೆಯಿಂದಲೂ ಸಂಡೂರಿನಿಂದಲೂ ಕೆಟ್ಟ ಗಾಡಿಗಳ ಡ್ರೈವರುಗಳು ಸುಂಕಪ್ಪನನ್ನು ಹುಡುಕಿಕೊಂಡು ಬರತೊಡಗಿದರು. ಯುದ್ಧ ಮುಗಿದ ವರ್ಷ ಕಮಲಾಕರರಾಯರು ಅವನನ್ನು ವರ್ಕ್‌ಶಾಪಿಗೆ ಕರೆದರು. ತೋಟಪ್ಪನವರು ಒಂದು ವಾರ ಮುನಿಸಿಕೊಂಡು, ಆಮೇಲೆ ತಾವೇ ಹೊಸ ಧೋತ್ರ ಕೊಟ್ಟು ಕಳಿಸಿದರು. ಮಲ್ಲಾಪುರದ ಹತ್ತಿರ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿತ್ತು. ಕಲ್ಲು ಸಾಗಿಸುವ ಲಾರಿಗಳು ದಿನವೂ ಒಂದಲ್ಲ ಒಂದು ಬಂದು ನಿಲ್ಲುತ್ತಿದ್ದವು. ಓದು ಬಾರದ ಸುಂಕಪ್ಪನಿಗೆ ರಾಯರು ಇಂಗ್ಲಿಷಿನ ಪುಸ್ತಕದಿಂದ ಓದಿ ಹೇಳುವರು. ಅವನು ಕೇಳಿ, ಗಾಡಿಯನ್ನು ಒಂದು ಸುತ್ತು ಓಡಿಸಿ, ಎಲ್ಲಿ ಬಿಚ್ಚಬೇಕೆಂದು ಹೇಳುವನು. ದೊಡ್ಡಬಸಪ್ಪ ಬಿಚ್ಚುವನು.

ಅವನದೊಂದು ಪದ್ಧತಿ ಇತ್ತು. ಯಾವ ಗಾಡಿ ಬಂದರೂ ಮಾಲೀಕರನ್ನು ರಾಯರ ಕೋಣೆಯಲ್ಲಿ ಚಹಾಕ್ಕೆ ಕೂರಿಸಿ, ಡ್ರೈವರನ್ನು ಮಾತ್ರ ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಬೀಡಿ ಹಚ್ಚಿಸಿ ಕೊಟ್ಟು, "ಏನಾತು ಹೇಳಪಾ. ನಾ ಯಾರಿಗೂ ಹೇಳಾದಿಲ್ಲ, ಹೇಳಾದಿದ್ರ ನೀನ ಹೇಳ್ಬೇಕು," ಎನ್ನುತ್ತಿದ್ದ. ಕೆಲವರು ತಟ್ಟನೆ ಹೇಳುತ್ತಿದ್ದರು, ಕೆಲವರು ಬೀಡಿ ಮುಗಿಯುವ ತನಕ ನೆಲ ನೋಡುತ್ತಿದ್ದರು. ಸುಂಕಪ್ಪನಿಗೆ ಆತುರವಿರಲಿಲ್ಲ. ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಸ್ಟೇಷನ್ನಿಗೆ ಬರುವ ಗೂಡ್ಸು ಗಾಡಿಯ ಡಬ್ಬಿಗಳನ್ನು ಎಣಿಸುತ್ತ ಕಾಯುತ್ತಿದ್ದ.